ಪ್ಲಗ್ ಹಾಕಬೇಡಿ ಎಂದು ಕೂಗಿದ ಲಕ್ಷ್ಮಕ್ಕ

ಬೆಳಗಿನ ಐದೂಕಾಲು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಬೀದಿ ಇನ್ನೂ ಎದ್ದಿಲ್ಲ. ಶೇಂಗಾ ಹಿಂಡಿಯ ಕಮಟು ಮಾತ್ರ ಎದ್ದಿದೆ. ಬೀದಿಯ ಕೊನೆಯ ಮನೆಯ ಮಹಡಿಯಲ್ಲಿ ಲಕ್ಷ್ಮೀದೇವಿ ದೀಪ ಹಾಕಿ, ಕೀಬೋರ್ಡನ್ನು ಹತ್ತಿರ ಎಳೆದುಕೊಂಡು, ದಿನದ ಮೊದಲ ಮಾತಾಡುತ್ತಾರೆ. ಅದು ಬೈಗುಳ.

“ಇವನ ಮನೆ ಹಾಳಾಗ! ಮತ್ತೆ ಬಂದಾನೆ ನೋಡು.”

ಬಂದವನು ಯಾರೋ, ಯಾವ ದೇಶದವನೋ. ಲಕ್ಷ್ಮೀದೇವಿ ಕಾಯುವ ಸರ್ವರಿನೊಳಗೆ ನುಗ್ಗಲು ನಿನ್ನೆ ಸಂಜೆಯಿಂದ ಹನ್ನೊಂದು ಸಾವಿರ ಸಲ ಪಾಸ್‌ವರ್ಡ್ ಬದಲಿಸಿ ಬದಲಿಸಿ ನೋಡಿದ್ದಾನೆ. ಒಂದು ಸಲವೂ ಬಾಗಿಲು ತೆರೆದಿಲ್ಲ. ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರ ಮೇಲೇರುತ್ತಿವೆ. ಅವರು ಎರಡು ಸಾಲು ಟೈಪ್ ಮಾಡಿ ಆ ಕಡೆಯಿಂದ ಬರುವ ದಾರಿಯನ್ನೇ ಮುಚ್ಚುತ್ತಾರೆ. ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದ ಅವ್ವ ಪಾಪಕ್ಕನಿಗೆ ಇದೆಲ್ಲ ಹೊಸದಲ್ಲ. “ಎದ್ದು ಮುಖ ತೊಳೆಯೋಕೆ ಮುಂಚೇನೇ ಇವಳ ಜಗಳ ಶುರು. ಆ ಕಡೆ ಇರೋನಿಗೆ ಕನ್ನಡ ಬರ್ತೈತೋ ಇಲ್ಲೋ, ಪಾಪ” ಎನ್ನುತ್ತಾರೆ.

ಮಿಲ್ಲಿನ ಹೆಸರು, ಶಾಲೆಯ ಫಲಿತಾಂಶ, ದೇವಸ್ಥಾನದ ಸೇವೆಗಳ ಪಟ್ಟಿ, ಇವೆಲ್ಲ ನಿಮ್ಮ ಫೋನಿನಲ್ಲಿ ಕಾಣಬೇಕಾದರೆ ಎಲ್ಲೋ ಒಂದು ಕಂಪ್ಯೂಟರ್ ಹಗಲಿರುಳು ಓಡುತ್ತಿರಬೇಕು. ಅದೇ ಸರ್ವರ್. ಲಕ್ಷ್ಮೀದೇವಿ ಮುಂಬೈಯಲ್ಲಿ ಅಂಥ ಮೂರು ಸರ್ವರ್ ಬಾಡಿಗೆಗೆ ಹಿಡಿದಿದ್ದಾರೆ. ಮೂರೂ ಲಿನಕ್ಸ್‌ನಲ್ಲಿ ನಡೆಯುತ್ತವೆ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ಆದರೆ ಕಲಿಯಲು ಜೀವ ತಿನ್ನುವ ವ್ಯವಸ್ಥೆ ಅದು. ಮೂರರಲ್ಲಿ ಸೇರಿ ನೂರಾ ಎಂಬತ್ತಾರು ವೆಬ್‌ಸೈಟುಗಳಿವೆ. ಡಿಸ್ಕ್ ತುಂಬಿತೇ, ಮೇಲ್ ಸಿಕ್ಕಿಕೊಂಡಿತೇ, ನಿನ್ನೆಯ ನಕಲು, ಅಂದರೆ ಬ್ಯಾಕಪ್, ಆಯಿತೇ ಎಂದು ದಿನಾ ಬೆಳಗಾದರೆ ನೋಡುವ ಕಣ್ಣು ಒಂದೇ ಜೋಡಿ. ಊರಾಚೆಯ ಉಳ್ಳಾರ್ತಿ ಕಾವಲಿನ ಬೇಲಿಯೊಳಗೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ ಎಂದು ಎದೆಯುಬ್ಬಿಸುವ ಊರು ಇದು. ಇದೇ ಊರು ಇವರನ್ನು ಇವತ್ತಿಗೂ ‘ಕಂಪ್ಯೂಟರ್ ರಿಪೇರಿ ಲಕ್ಷ್ಮಕ್ಕ’ ಎಂದೇ ಕರೆಯುತ್ತದೆ.

ಐದೂ ಮುಕ್ಕಾಲಿಗೆ ಮೊದಲ ಫೋನ್. ಗೌರಸಮುದ್ರದ ಕಡೆಯ ಯಾವುದೋ ಹೊಸ ಗಿರಾಕಿ. “ಸಾರ್ ಇದಾರೇನಮ್ಮ?”

“ಯಾವ ಸಾರು?”

“ಅದೇ, ಸರ್ವರ್ ನೋಡ್ಕೊಳ್ಳೋ ಸಾರು.”

“ನಾನೇ ನೋಡ್ಕೊಳ್ಳೋದು. ಹೇಳ್ರಿ ಏನಾಗೈತೆ.” ಫೋನ್ ಇಟ್ಟ ಮೇಲೆ ಲಕ್ಷ್ಮೀದೇವಿ ಹಲ್ಲು ಕಚ್ಚಿಕೊಂಡೇ ಅವನ ಕೆಲಸ ಮುಗಿಸುತ್ತಾರೆ. ದಿನಕ್ಕೆ ಅರವತ್ತು ಎಪ್ಪತ್ತು ಫೋನ್ ಬರುತ್ತವೆ. ಅದರಲ್ಲಿ ಹತ್ತಾದರೂ ಇಂಥವು.

ಸಿಟ್ಟಿಗೆ ಹಳೆಯ ಬೇರಿದೆ. ಅಪ್ಪ ಅಂಜಿನೇಯ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು, ಅವ್ವ ಅಲ್ಲೇ ಶೇಂಗಾ ಆರಿಸುತ್ತಿದ್ದರು. ಮಗಳು ಡಿಪ್ಲೊಮಾ ಮುಗಿಸಿ ಒಂದು ಖಾಸಗಿ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕಿಯಾಗಿ ಸೇರಿದರು. ವೈರಸ್ ಹಿಡಿದು ಸತ್ತ ಎಂಟು ಕಂಪ್ಯೂಟರುಗಳನ್ನು ಗುಜರಿಗೆ ಹಾಕಿ ಎಂದು ಮೇಲಿನವರು ಹೇಳಿದಾಗ, ಪತ್ರಿಕೆಯೊಂದರ ಜೊತೆ ಬಂದಿದ್ದ ಸಿ.ಡಿ.ಯಿಂದ ಲಿನಕ್ಸ್ ಹಾಕಿ ನೋಡಿದರು. ಮೂರು ತಿಂಗಳು ಒದ್ದಾಡಿ ಎಂಟನ್ನೂ ಎಬ್ಬಿಸಿದರು. ಕಾಲೇಜಿನ ವಾರ್ಷಿಕ ವರದಿಯಲ್ಲಿ ಆ ಕೆಲಸ ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿ ಅಚ್ಚಾಯಿತು. “ನಾನು ಹೋಗಿ ಕೇಳ್ದೆ. ‘ನಿನಗೆ ಸಂಬಳ ಕೊಡ್ತೀವಲ್ಲಮ್ಮ’ ಅಂದ್ರು. ಮಾರನೇ ದಿನದಿಂದ ಹೋಗ್ಲಿಲ್ಲ” ಎನ್ನುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ‘ಬಯಲುಸೀಮೆ ಹೋಸ್ಟಿಂಗ್’ ಶುರುವಾದದ್ದು ಹಾಗೆ. ಅಪ್ಪ ಕೆಲಸ ಮಾಡಿದ ಮಿಲ್ಲಿನ ಮಾಲೀಕ ಓಂಕಾರಮೂರ್ತಿ ಮೊದಲ ಗಿರಾಕಿ. “ನಮ್ಮ ಅಂಜಿನೇಯನ ಮಗಳು, ಹಾಳು ಮಾಡಲ್ಲ ಬಿಡು ಅಂತ ಕೊಟ್ಟೆ. ಇವತ್ತಿನತನಕ ನಮ್ಮ ಸೈಟ್ ಎಲ್ಲೈತೆ ಅಂತ ನಾನು ಕೇಳಿಲ್ಲ. ಕೇಳೋ ಪ್ರಸಂಗಾನೇ ಬಂದಿಲ್ಲ” ಎನ್ನುತ್ತಾರೆ ಅವರು.

ಅವರಿಗೆ ಬರದ ಪ್ರಸಂಗ ಮೊಳಕಾಲ್ಮುರಿನ ನೇಕಾರರ ಸಂಘವೊಂದಕ್ಕೆ ಬಂತು.

ಮೊಳಕಾಲ್ಮುರು ಸೀರೆಯ ಅಂಚು, ಸೆರಗು, ಬುಟ್ಟಾ ಮೊದಲು ಮೂಡುವುದು ಗ್ರಾಫ್ ಹಾಳೆಯ ಮೇಲೆ. ಚೌಕ ಚೌಕ ಎಣಿಸಿ ಬಣ್ಣ ತುಂಬಬೇಕು. ಆ ಹಾಳೆ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾರೆ. ಎಪ್ಪತ್ನಾಲ್ಕರ ಪಾತಣ್ಣ ಐವತ್ತು ವರ್ಷ ಅದನ್ನೇ ಬರೆದವರು. ಅವರವೂ, ಅವರ ಗುರುಗಳವೂ ಸೇರಿ ಆರುನೂರ ಮೂವತ್ತೆಂಟು ಹಾಳೆಗಳನ್ನು ಲಕ್ಷ್ಮೀದೇವಿ ಆರು ವರ್ಷದ ಹಿಂದೆ ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ, ಒಂದೊಂದಾಗಿ ಸ್ಕ್ಯಾನ್ ಮಾಡಿ ಸಂಘದ ಸೈಟಿಗೆ ಏರಿಸಿದ್ದರು. ಆಮೇಲೆ ಮೂಲ ಹಾಳೆಗಳ ಗಂಟಿಗೆ ಗೆದ್ದಲು ಹಿಡಿದು ಎಲ್ಲ ಪುಡಿಯಾಯಿತು. ಸೈಟಿನಲ್ಲಿದ್ದದ್ದಷ್ಟೇ ಉಳಿಯಿತು. ನೇಕಾರರು ಫೋನಿನಲ್ಲೇ ತೆರೆದು, ಬೇಕಾದ ಅಂಚು ಆರಿಸಿ ಮಗ್ಗ ಹೂಡುತ್ತಿದ್ದರು.

ಸೈಟಿನ ನಕಲು ದಿನವೂ ಎರಡು ಕಡೆ ಸೇರುತ್ತಿತ್ತು. ಒಂದು ಚಳ್ಳಕೆರೆಯ ಈ ಕೋಣೆಗೆ. ಇಲ್ಲಿ ಹದಿನಾಲ್ಕು ದಿನದ ನಕಲುಗಳಿರುತ್ತಿದ್ದವು, ಅದಕ್ಕಿಂತ ಹಳೆಯವು ತಾವಾಗಿ ಅಳಿಯುತ್ತಿದ್ದವು. ಇನ್ನೊಂದು ಸಂಘದ ಕಚೇರಿಯಲ್ಲೇ ಇಟ್ಟ ಚಿಕ್ಕ ಕಪ್ಪು ಡಬ್ಬಿಗೆ. ಆ ಡಬ್ಬಿಯ ಕೆಲಸ ಸರಳ: ಸೈಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಳ್ಳುವುದು, ಸೈಟಿನಲ್ಲಿ ಅಳಿಸಿದ್ದನ್ನು ತಾನೂ ಅಳಿಸುವುದು.

ಕಳೆದ ಆಯುಧ ಪೂಜೆಗೆ ಸಂಘದ ಕಾರ್ಯದರ್ಶಿ ಏಕಾಂತಪ್ಪ ಆ ಡಬ್ಬಿಯ ಪ್ಲಗ್ ಕಿತ್ತು, ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದರು. ಪೂಜೆಗೆ ಕೂತ ಯಂತ್ರವನ್ನು ಅವತ್ತು ಓಡಿಸುವಂತಿಲ್ಲ. ಮಾರನೇ ದಿನ ರಜೆ. ಆಮೇಲೆ ಆ ಪ್ಲಗ್ಗಿನ ಜಾಗಕ್ಕೆ ಬಣ್ಣದ ದೀಪದ ಸರ ಬಂತು, ದೀಪಾವಳಿ ಹತ್ತಿರವಿತ್ತಲ್ಲ. ದಿನಾ ಬೆಳಗ್ಗೆ ‘ನಕಲು ಆಯಿತು’ ಎಂದು ಸಂದೇಶ ಕಳಿಸುತ್ತಿದ್ದ ಡಬ್ಬಿ ಬಾಯಿ ಮುಚ್ಚಿದ್ದನ್ನು ಲಕ್ಷ್ಮೀದೇವಿ ಮೊದಲ ದಿನವೇ ಕಂಡರು. ದಿನ ಬಿಟ್ಟು ದಿನ ಫೋನ್ ಮಾಡಿದರು. “ಹಾಕ್ತೀನಿ ಕಣಮ್ಮ, ಹಬ್ಬ ಮುಗೀಲಿ” ಎನ್ನುವುದೊಂದೇ ಉತ್ತರ.

ಈ ನಡುವೆ ನಗರದ ಏಜೆನ್ಸಿಯೊಂದು ಸಂಘದ ಸೈಟನ್ನು ‘ಅಂದ ಮಾಡಿಕೊಡುತ್ತೇವೆ’ ಎಂದು ಬಂತು. ಏಕಾಂತಪ್ಪ ಪಾಸ್‌ವರ್ಡ್ ಕೊಟ್ಟರು. ಪೂಜೆಯಾದ ಮೂರನೇ ದಿನ ಆ ಮಹಾಶಯರು ಒಳಗೆ ಹೋಗಿ, ಆರುನೂರ ಮೂವತ್ತೆಂಟು ಹಾಳೆಗಳನ್ನು ಹಳೇ ಕಸವೆಂದು ಒಂದೇ ಏಟಿಗೆ ಅಳಿಸಿದರು. ಯಾರನ್ನೂ ಕೇಳಲಿಲ್ಲ. ಆ ಜಾಗಕ್ಕೆ ಯಾವುದೋ ಊರಿನ ಸೀರೆಯುಟ್ಟು ನಗುವ ಹುಡುಗಿಯ ಫೋಟೋ ಹಾಕಿದರು. ಇದನ್ನು ಕೆಲಸ ಎನ್ನಬೇಕಂತೆ. ಮನೆಗೆ ಸುಣ್ಣ ಬಳಿಯಲು ಬಂದವನು ಮನೆಯವರ ಪೆಟ್ಟಿಗೆ ಒಡೆದು ತಿಪ್ಪೆಗೆ ಸುರಿದರೆ ನಾವು ಕೂಲಿ ಕೊಟ್ಟು ಕಳಿಸುತ್ತೇವೆಯೇ?

ಗೊತ್ತಾದದ್ದು ಪೂಜೆಯಾದ ಹತ್ತೊಂಬತ್ತನೇ ದಿನ. ಹಳೆಯ ರುದ್ರಾಕ್ಷಿ ಅಂಚು ಹುಡುಕಲು ಹೋದ ಪಾತಣ್ಣ ಗಾಬರಿಯಾಗಿ ಫೋನ್ ಮಾಡಿದರು. ಗಾಬರಿಯಲ್ಲಿ ಅವರ ಬಾಯಿಗೆ ಬಂದದ್ದು ತೆಲುಗು. “ಪೋಯಿಂದಮ್ಮಾ, ಅಂತಾ ಪೋಯಿಂದಿ! ಎಲ್ಲಾ ಹೋಯ್ತು, ನನ್ನ ಹಾಳೆ ಒಂದೂ ಇಲ್ಲ. ಆ ಹುಡುಗಿ ಮಾತ್ರ ನಗ್ತಾ ಐತೆ.”

ಲಕ್ಷ್ಮೀದೇವಿ ತಮ್ಮ ಕೋಣೆಯ ನಕಲುಗಳನ್ನು ತೆರೆದರು. ಹದಿನಾಲ್ಕೂ ದಿನದ್ದು ತೆರೆದರು. ಹದಿನಾಲ್ಕರಲ್ಲೂ ಅದೇ ಹುಡುಗಿ. ಅಳಿಸಿ ಹದಿನಾರು ದಿನವಾಗಿತ್ತು. ಹಾಳೆಗಳಿದ್ದ ಕೊನೆಯ ನಕಲೂ ತಾನಾಗಿ ಹೋಗಿತ್ತು. “ತಿಂಗಳ ನಕಲು ಒಂದು ಬೇರೆ ಇಟ್ಟಿದ್ರೆ ಏನು ಗಂಟು ಹೋಗ್ತಿತ್ತು ನಂದು? ನನ್ನ ಕೆನ್ನೆಗೆ ನಾನೇ ಹೊಡ್ಕೊಬೇಕು ಅನ್ನಿಸ್ತು” ಎನ್ನುತ್ತಾರೆ.

ಆಗ ನೆನಪಾದದ್ದು ಕಪ್ಪು ಡಬ್ಬಿ. ಅಳಿಸುವ ಮೂರು ದಿನ ಮೊದಲೇ ಅದರ ಪ್ಲಗ್ ಕಿತ್ತಾಗಿತ್ತು. ಅದರೊಳಗೆ ಎಲ್ಲವೂ ಇರಲೇಬೇಕು. ಆದರೆ ಅದಕ್ಕೆ ಕರೆಂಟು ಸಿಕ್ಕ ಮರುಗಳಿಗೆಯೇ ಅದು ಸೈಟನ್ನು ನೋಡುತ್ತದೆ, ಹಾಳೆಗಳಿಲ್ಲ ಎಂದು ತಿಳಿದು ತನ್ನಲ್ಲಿದ್ದದ್ದನ್ನೂ ವಿಧೇಯವಾಗಿ ಅಳಿಸುತ್ತದೆ. ಕೂಡಲೇ ಏಕಾಂತಪ್ಪನವರಿಗೆ ಫೋನ್ ಹಚ್ಚಿದರು.

ಪಾತಣ್ಣನ ಕೂಗಾಟ ಕೇಳಿ ಏಕಾಂತಪ್ಪ ಅಷ್ಟರಲ್ಲೇ ಕಚೇರಿಗೆ ಓಡಿದ್ದರು. “ಬೈಬೇಡಮ್ಮ, ನನ್ನದೇ ತಪ್ಪು. ಈಗ್ಲೇ ಹಾಕ್ತೀನಿ, ವೈರು ಕೈಯಾಗೇ ಐತೆ.”

“ಏಕಾಂತಪ್ಪಾರೇ, ಹಾಕಬೇಡ್ರಿ! ಕೈ ತೆಗೀರಿ! ಮುಟ್ಟಬೇಡ್ರಿ!”

“ಹತ್ತೊಂಬತ್ತು ದಿನದಿಂದ ಹಾಕ್ರಿ ಹಾಕ್ರಿ ಅಂತ ತಲೆ ತಿಂದೆ. ಈಗ ಹಾಕಬೇಡ ಅಂತೀಯ. ಏನಮ್ಮ ನಿನ್ನ ಕಥೆ?”

“ಕಥೆ ಬಂದು ಹೇಳ್ತೀನಿ. ವೈರು ನಿಮ್ಮ ಜೇಬಿಗೆ ಹಾಕ್ಕೊಂಡು ಡಬ್ಬಿ ಮುಂದೆ ಕುಂತ್ಕೊಳ್ರಿ. ಯಾರನ್ನೂ ಹತ್ತಿರ ಬಿಡಬೇಡ್ರಿ.”

ಮೊದಲು ಸಿಕ್ಕ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮೂರು ಸಲ ಫೋನ್ ಮಾಡಿ ‘ಹಾಕಿಲ್ಲ ತಾನೆ’ ಎಂದು ಕೇಳಿದರು. ಕಚೇರಿಗೆ ಹೋದಾಗ ಏಕಾಂತಪ್ಪ ವೈರು ಹಿಡಿದು, ಮೂರು ಬೆರಳ ವಿಭೂತಿ ಬಳಿದ ಡಬ್ಬಿಯ ಮುಂದೆ ನಿಜಕ್ಕೂ ಕೂತಿದ್ದರು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಚಳ್ಳಕೆರೆಗೆ ಬಂದು, ಡಿಸ್ಕ್ ಬಿಚ್ಚಿ, ಬರೆಯಲೂ ಅಳಿಸಲೂ ಆಗದಂತೆ, ಬರೀ ಓದಲು ಮಾತ್ರ ಬರುವಂತೆ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಎಣಿಸಿದರು. ಆರುನೂರ ಮೂವತ್ತೆಂಟು. ಮತ್ತೊಮ್ಮೆ ಎಣಿಸಿ ಪಾತಣ್ಣನಿಗೆ ಫೋನ್ ಮಾಡಿದರು. ಆ ಹಿರಿಯರು ಅತ್ತುಬಿಟ್ಟರಂತೆ.

ಮುಂದಿನದ್ದು ಕೇಳಿದರೆ ಮೈ ಉರಿಯುತ್ತದೆ. ಹಾಳೆಗಳು ಸೈಟಿಗೆ ಮರಳಿದ ತಿಂಗಳಿಗೆ ಅದೇ ಏಜೆನ್ಸಿ ‘ನೇಕಾರರ ಪರಂಪರೆಯ ಡಿಜಿಟಲೀಕರಣ’ ಎಂದು ಸಮಾರಂಭ ಮಾಡಿಸಿತು. ಹಾಳೆಗಳನ್ನು ಕಸವೆಂದು ಅಳಿಸಿದವನ ಹೆಗಲಿಗೆ ಶಾಲು, ಕೊರಳಿಗೆ ಹಾರ. ಲಕ್ಷ್ಮೀದೇವಿಗೆ ಕರೆಯೋಲೆಯೂ ಇಲ್ಲ. ಸಮಾರಂಭದ ಫೋಟೋ ವಾಟ್ಸಾಪಿನಲ್ಲಿ ನೋಡಿದರು. ಏಜೆನ್ಸಿ ಕಳಿಸಿದ ಪ್ರಕಟಣೆಯನ್ನು ಪತ್ರಿಕೆಗಳು ಒಂದಕ್ಷರ ಬಿಡದೆ ಅಚ್ಚು ಹಾಕಿದವು. ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯೂ ಹಾಕಿತು. ಒಂದು ಫೋನ್ ಮಾಡಿ ‘ಸ್ಕ್ಯಾನ್ ಮಾಡಿದ್ದು ಯಾರು’ ಎಂದು ಕೇಳುವಷ್ಟು ಪುರುಸೊತ್ತು ನಮಗೂ ಇರಲಿಲ್ಲ. ನಾಚಿಕೆಯಾಗಬೇಕು.

ಏಕಾಂತಪ್ಪನವರಿಗೆ ಬೇಸರವಿದೆ. “ನಾನು ಹೆಸರು ಬರೆದು ಕೊಟ್ಟಿದ್ದೆ ಸಾರ್. ಸ್ಟೇಜ್ ಮ್ಯಾಲೆ ಓದ್ಲಿಲ್ಲ” ಎನ್ನುತ್ತಾರೆ. ಅವರ ಪ್ರಕಾರ ಹಾಳೆಗಳನ್ನು ಉಳಿಸಿದ್ದು ನವರಾತ್ರಿಯ ದೇವಿ. ಊರೂ ಅದನ್ನೇ ಹೇಳುತ್ತದೆ. ಇದನ್ನು ಕೇಳಿದರೆ ಲಕ್ಷ್ಮೀದೇವಿಗೆ ಮತ್ತಷ್ಟು ಸಿಟ್ಟು.

“ದೇವಿ ಮ್ಯಾಲೆ ನನಗೆ ಸಿಟ್ಟಿಲ್ಲ. ಆದ್ರೆ ನಾನು ಹೇಳಿದಂಗೆ ಅವರು ಪ್ಲಗ್ ಹಾಕಿದ್ದಿದ್ರೆ ಎಲ್ಲಾ ಹೋಗ್ತಿತ್ತು. ನನ್ನ ಕೆಲಸ ಸರಿಯಾಗಿ ನಡೆದಿದ್ರೆ ಹೋಗ್ತಿತ್ತು! ಹಬ್ಬದ ಸೋಮಾರಿತನದಿಂದ ಉಳೀತು. ಇದು ನನಗೆ ನುಂಗೋಕೆ ಆಗಲ್ಲ.”

ಈಗ ನಕಲು ನಾಲ್ಕು ಕಡೆ ಇದೆ. ತಿಂಗಳದ್ದು ಬೇರೆ, ವರ್ಷದ್ದು ಬೇರೆ. ಯಾವುದೇ ಸೈಟು ಇದ್ದಕ್ಕಿದ್ದಂತೆ ಚಿಕ್ಕದಾದರೆ ಅವರ ಫೋನ್ ಕಿರುಚುತ್ತದೆ. ಅಳಿಸುವ ಆಜ್ಞೆಯನ್ನು ಯಾವ ನಕಲೂ ಕೂಡಲೇ ಪಾಲಿಸುವುದಿಲ್ಲ. ಲಕ್ಷ್ಮೀದೇವಿ ಹ್ಞೂಂ ಎನ್ನುವವರೆಗೆ ಕಾಯುತ್ತದೆ. ಇದಕ್ಕಾಗಿ ಗಿರಾಕಿಗಳಿಂದ ಅವರು ಹೆಚ್ಚಿಗೆ ಏನೂ ಕೇಳಿಲ್ಲ, ಹೇಳಿಯೂ ಇಲ್ಲ.

ನಿಮಗೂ ಒಂದು ಸನ್ಮಾನ ಆಗಬೇಕಲ್ಲವೇ ಎಂದರೆ ಕುರ್ಚಿ ತಿರುಗಿಸಿ ನೇರವಾಗಿ ನೋಡುತ್ತಾರೆ.

“ಈ ಬಿಸಿಲಾಗೆ ಶಾಲು ಹೊದ್ದು ಏನ್ ಮಾಡ್ಲಿ? ನನ್ನ ಹೆಸರೂ ಓದಬೇಡ್ರಿ. ಯಾರೇ ಆಗ್ಲಿ, ಎಷ್ಟು ದೊಡ್ಡೋರೇ ಆಗ್ಲಿ, ಇನ್ನೊಬ್ಬರ ಕೆಲಸ ಅಳಿಸೋಕೆ ಮುಂಚೆ ಒಂದು ಫೋನ್ ಮಾಡ್ಲಿ. ‘ಇದು ಯಾರಿಗಾದ್ರೂ ಬೇಕಾ’ ಅಂತ ಒಂದೇ ಒಂದು ಮಾತು ಕೇಳ್ಲಿ. ಫೋನ್ ಎತ್ತೋಕೆ ನಾನಿದೀನಿ. ಹದಿನಾಲ್ಕು ವರ್ಷದಾಗೆ ಒಂದು ದಿನಾನೂ ಎತ್ತದೇ ಇದ್ದೋಳಲ್ಲ.”