ಬದನೆಯ ಮುಳ್ಳಿಗೆ ಹರಿದ ಗ್ಲೌಸ್

ಮಾನ್ಯ ಮಿತ್ರರ ಅವಗಾಹನೆಗೆ ತರಬಯಸುವುದೇನೆಂದರೆ, ಇಂದು ಪಂಚವಟಿ ಸಭಾಂಗಣದಲ್ಲಿ ನನ್ನ ಮೊಮ್ಮಗಳ ನಾಮಕರಣದ ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಅಡುಗೆಯ ಶರಣಮ್ಮನವರು ಓಡಿಬಂದು ತಮ್ಮ ಕೈ ತೋರಿಸಿದರು.

"ಕಾಕಾರ, ಬದನಿಕಾಯಿ ಮುಳ್ಳಿಗಿ ಗ್ಲೌಸ್ ಹರದದರಿ. ಗ್ಲೌಸಿನ ಬೆರಳತುದಿ ತುಂಡು ಮಸಾಲಿ ಕೂಡ ಬದನಿಕಾಯಿ ಒಳಗ ಹೋಗಿರಬೇಕು. ಎಣಗಾಯಿ ಯಾರಿಗೂ ಬಡಸಬ್ಯಾಡ್ರಿ."

ನಮ್ಮ ಅಳಿಯಂದಿರು ಗೊಣಗಿದರು: "ಅರೆ, ಇಷ್ಟು ಛೋಟಾ ತುಕಡಾ! ಯಾರ್ ನೋಡ್ತಾರ?"

"ಯಾರ ಗಂಟಲಾಗ ಸಿಕ್ಕೊಂತದ, ಅಂವ ನೋಡ್ತಾನ್ರಿ!" ಎಂದರು ಶರಣಮ್ಮನವರು.

ಕೊಪ್ಪರಿಗೆ ತುಂಬಿದ್ದ ಎಣಗಾಯಿಯನ್ನು ನಾನೇ ಮುಂದೆ ನಿಂತು ಚೆಲ್ಲಿಸಿದೆನು. ನೆಂಟರಿಷ್ಟರು ಶೇಂಗಾ ಚಟ್ನಿಯಲ್ಲಿ ರೊಟ್ಟಿ ಉಂಡು, ಮಕ್ಕಳುಮರಿಗಳೊಂದಿಗೆ ಕ್ಷೇಮವಾಗಿ ಮನೆ ಸೇರಿದ್ದಾರೆ. ಬಡಿಸದ ಪಲ್ಯಕ್ಕಾಗಿ ಅಡುಗೆಯವರಿಗೆ ಕೈಮುಗಿದದ್ದು ನನ್ನ ಜೀವಮಾನದಲ್ಲಿ ಇದೇ ಪ್ರಥಮವೆಂದು ಈ ಮೂಲಕ ಸವಿನಯವಾಗಿ ನಿವೇದಿಸಿಕೊಳ್ಳುತ್ತೇನೆ.