ನಿಂತ ಕಾಲಿನ ಕೆಳಗಿನ ಹಲಗೆ

ಅಳತೆಯ ಟೇಪು ಹಿಡಿಯಲು ಕಾಲೇಜಿನವರಿಗೆ ಒಬ್ಬಳು ಹುಡುಗಿ ಬೇಕಾಗಿದ್ದಳು. ಅದಕ್ಕೆ ನನ್ನನ್ನು ತೆಗೆದುಕೊಂಡರು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ಅದಕ್ಕೇ ಆರಿಸಿದರು ಎಂದು ನಾನು ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ಬಂದೆ. ಮೊನ್ನೆ ಜೆಪ್ಪುವಿನ ನನ್ನ ಮನೆಯ ಕಪಾಟಿನಿಂದ ಆ ವರ್ಷದ ಡೈರಿ ತೆಗೆದು ನೋಡಿದರೆ ಮೊದಲ ದಿನದ ಸಾಲೇ ಬೇರೆ. ‘ಹೆಂಗಸರನ್ನು ಮುಟ್ಟಿ ಅಳೆಯಲಿಕ್ಕೆ ನಮ್ಮ ಹುಡುಗರಿಗೆ ಆಗುವುದಿಲ್ಲ, ನೀವಿದ್ದರೆ ಸುಲಭ ಅಂದರು ಸರ್.’ ನನ್ನದೇ ಅಕ್ಷರ. ಇದನ್ನು ಮರೆತಿದ್ದೆನೋ, ಮರೆಯಬೇಕೆಂದು ಮರೆತಿದ್ದೆನೋ ಹೇಳಲಾರೆ.

ಯೋಜನೆ ಇದು: ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಮೇಜನ್ನು ಹೊಸದಾಗಿ ರೂಪಿಸುವುದು. ಬೇಯಿಸಿ ಒಣಗಿಸಿದ ಬೀಜವನ್ನು ಎರಡು ಬ್ಲೇಡುಗಳ ನಡುವೆ ಇಟ್ಟು, ಒಂದು ಕಾಲಿನಲ್ಲಿ ಪೆಡಲ್ ಒತ್ತಿ, ಕೈಯಲ್ಲಿ ಹಿಡಿ ಎಳೆದರೆ ಸಿಪ್ಪೆ ಎರಡು ಹೋಳಾಗುತ್ತದೆ. ಇದಕ್ಕೆ ಅಲ್ಲಿ ಕಟ್ಟಿಂಗ್ ಎನ್ನುತ್ತಾರೆ. ದಿನವಿಡೀ ನಿಂತು ಮಾಡುವ ಕೆಲಸ, ಮಾಡುವವರೆಲ್ಲ ಹೆಂಗಸರು. ಮೇಜು ಎಷ್ಟು ಎತ್ತರವಿರಬೇಕು, ಪೆಡಲ್ ಎಷ್ಟು ದೂರವಿರಬೇಕು ಎಂದು ನಮ್ಮ ಕಾಲೇಜಿನ ಸರ್ ಕಂಡುಹಿಡಿಯಬೇಕಿತ್ತು. ನಾನು ಸೇರುವ ಮೊದಲೇ ಅವರು ಅಳತೆ ಶುರು ಮಾಡಿಯಾಗಿತ್ತು. ಯಾರದ್ದು? ಹಾಸ್ಟೆಲಿನ ಹುಡುಗರದ್ದು. ಹತ್ತಿರ ಇದ್ದರು, ಕರೆದಾಗ ಬರುತ್ತಿದ್ದರು, ಅಂಗಿ ತೆಗೆಯಿರಿ ಎಂದರೆ ತೆಗೆಯುತ್ತಿದ್ದರು.

“ಹುಡುಗರದ್ದರಲ್ಲಿ ಸ್ವಲ್ಪ ಕಡಿಮೆ ಮಾಡಿದ್ರೆ ಹೆಂಗಸರದ್ದು ಬರ್ತದೆ. ಆದ್ರೆ ದುಡ್ಡು ಕೊಡುವವರು ಹೆಂಗಸರನ್ನೂ ಅಳೀಬೇಕು ಅಂತ ಬರ್ದಿದ್ದಾರೆ, ಎಂತ ಮಾಡುದು” ಎಂದಿದ್ದರು ಸರ್. ಮಳೆ ಬರುತ್ತದೆ, ಕೊಡೆ ತೆಗೆದುಕೊಳ್ಳಬೇಕು ಎಂದು ಬೇಸರಪಡುವವರ ಹಾಗೆ.

ಕಾಟಿಪಳ್ಳದಿಂದ ಒಂದು ಬಸ್ಸಿನ ದೂರದಲ್ಲಿದ್ದ ಆ ಕಾರ್ಖಾನೆಯಲ್ಲಿ ನನ್ನ ದೊಡ್ಡಮ್ಮ ಕೆಲಸ ಮಾಡುತ್ತಿದ್ದರು. ಅಮ್ಮನ ಅಕ್ಕ, ಮನೆ ಕಾಟಿಪಳ್ಳದಲ್ಲೇ. ನಾನು ಹೈಸ್ಕೂಲಿಗೆ ಹೋಗುವಾಗಲೇ ಅವರು ಕಟ್ಟಿಂಗಿನಲ್ಲಿದ್ದರು. ಸಿಪ್ಪೆಯ ಎಣ್ಣೆ ತಾಗಿ ಬೆರಳ ತುದಿಗಳು ಕಪ್ಪಾಗಿದ್ದವು. ಮದುವೆಮನೆಗಳಲ್ಲಿ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಆದರೆ ಕಟ್ಟಿಂಗಿನ ಬಗ್ಗೆ ಅವರಿಗೆ ಜಂಬವಿತ್ತು. ಒಡೆದ ಬೀಜದ ತೆಳು ಸಿಪ್ಪೆ ಸುಲಿಯುವುದು, ಬೀಜ ಆರಿಸುವುದು ಯಾರೂ ಮಾಡಬಹುದಾದ ಕೆಲಸ. ಒಳಗಿನ ಬೀಜ ತುಂಡಾಗದ ಹಾಗೆ ಒಡೆಯುವುದು ಎಲ್ಲರಿಗೂ ಬರುವುದಿಲ್ಲ ಎನ್ನುತ್ತಿದ್ದರು. ಅಂಗಳದಲ್ಲಿ ಸಿಪ್ಪೆ ಗುಡಿಸುವವರನ್ನಂತೂ ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಅಳತೆಯ ದಿನ ಊಟದ ಹೊತ್ತಿನಲ್ಲಿ ನಾನು ಟೇಪು ಬಿಚ್ಚಿದಾಗ ಮೊದಲ ಸಾಲಿನ ಹೆಂಗಸೊಬ್ಬರು ಕೇಳಿದರು:

“ಎಂತ ಟೀಚರ್, ನಮಗೆಲ್ಲ ರವಿಕೆ ಹೊಲಿಸ್ಲಿಕ್ಕುಂಟಾ?”

“ರವಿಕೆ ಅಲ್ಲ ಮಾರಾಯ್ತಿ, ಪೆಟ್ಟಿಗೆ. ಇಲ್ಲೇ ಸತ್ರೆ ಅಳತೆ ಬೇಕಲ್ಲ” ಎಂದರು ಇನ್ನೊಬ್ಬರು.

ಎಲ್ಲರೂ ನಕ್ಕರು. ದೊಡ್ಡಮ್ಮ “ನಮ್ಮ ಮನೆಯ ಹುಡುಗಿ, ಸುಮ್ನಿರಿ” ಎಂದು ಗದರಿ, ತಾವೇ ಮೊದಲು ಬಂದು ಮೇಜಿನೆದುರು ನಿಂತರು.

ನಾನು ಅಲ್ಲಿ ನೋಡಿದ್ದು ಮತ್ತು ಬರೆಯದೇ ಬಿಟ್ಟದ್ದು ಒಂದೇ ವಸ್ತು. ಪ್ರತಿಯೊಬ್ಬರೂ ತಮ್ಮ ನಿಂತ ಕಾಲಿನ ಕೆಳಗೆ ಒಂದು ಹಲಗೆ ಇಟ್ಟುಕೊಂಡಿದ್ದರು. ಕೆಲವರದ್ದು ಒಂದೇ ಪದರ, ಕೆಲವರದ್ದು ಎರಡು ಮೂರು ಸೇರಿಸಿ ಮೊಳೆ ಹೊಡೆದದ್ದು. ಗಿಡ್ಡ ಹೆಂಗಸಿಗೆ ದಪ್ಪ ಹಲಗೆ. ದೊಡ್ಡಮ್ಮನದ್ದು ಹಳೆಯ ಮಂಚದ ಹಲಗೆಯ ತುಂಡು, ಮೇಲೆ ಗೋಣಿ ಸುತ್ತಿ ಹೊಲಿದದ್ದು. ಒಬ್ಬರ ಹಲಗೆಯ ಮೇಲೆ ಇನ್ನೊಬ್ಬರು ನಿಲ್ಲುವುದಿಲ್ಲ. ಸಂಜೆ ಗೋಡೆಗೆ ಒರಗಿಸಿ ಹೋಗುತ್ತಾರೆ. ಕೆಲಸ ಬಿಡುವವರು ತಮ್ಮ ಎತ್ತರದ ಯಾರಿಗಾದರೂ ಕೊಟ್ಟು ಹೋಗುತ್ತಾರೆ. ಯಾವ ಕಾಲದಲ್ಲೋ ಯಾರದೋ ಅಳತೆಗೆ ಮಾಡಿದ ಮೇಜನ್ನು ಅವರು ಹೀಗೆ ಒಬ್ಬೊಬ್ಬರೇ ತಮ್ಮ ಮೈಗೆ ಹೊಂದಿಸಿಕೊಂಡಿದ್ದರು. ಸರ್ ಹುಡುಕುತ್ತಿದ್ದ ಉತ್ತರವೆಲ್ಲ ಅಲ್ಲಿ ನೆಲದ ಮೇಲೇ ಬಿದ್ದಿತ್ತು.

ನನ್ನ ಫಾರ್ಮಿನಲ್ಲಿ ‘ಪಾದಗಳು ನೆಲದ ಮೇಲೆ ಸಮವಾಗಿ’ ಎಂದು ಅಚ್ಚಾಗಿತ್ತು. ನಾನು ಹಲಗೆಗಳನ್ನು ತೆಗೆಸಿದೆ.

ಈ ಮಾತನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನನ್ನ ನೆನಪಿನಲ್ಲಿ ಹಲಗೆ ತೆಗೆಸಿದವರು ಕಾರ್ಖಾನೆಯ ಮ್ಯಾನೇಜರ್. ಕಾಲೇಜಿನವರು ಬರುತ್ತಾರೆಂದು ನೆಲ ಗುಡಿಸಿ, ಹಲಗೆಗಳನ್ನು ಮೂಲೆಗೆ ಹಾಕಿಸಿದ್ದರು ಎಂದೇ ನಾನು ಗೆಳತಿಯರಿಗೆ ಹೇಳಿದ್ದೇನೆ, ಸಿಟ್ಟಿನಿಂದ, ಕೈಸನ್ನೆ ಸಹಿತ. ಡೈರಿ ಹೇಳುವುದು: ‘ಹಲಗೆ ತೆಗೆಸಿ ಅಳೆದೆ. ದೊಡ್ಡಮ್ಮ ಹಲಗೆಯನ್ನೂ ಬರಿ ಅಂದರು. ಫಾರ್ಮಿನಲ್ಲಿ ಜಾಗ ಇಲ್ಲ. ಫೋಟೋ ಚೆನ್ನಾಗಿ ಬಂತು.’ ಅದರ ಕೆಳಗೆ, ಮಧ್ಯಾಹ್ನ ತಿಂದ ಬಂಗುಡೆ ಮೀನು ಬಹಳ ಉಪ್ಪಾಗಿತ್ತು ಎಂದಿದೆ.

ಹೊಸ ಮೇಜುಗಳು ಬಂದದ್ದು ಸುಮಾರು ಒಂದು ವರ್ಷದ ಮೇಲೆ. ನಾನಾಗ ಬೇರೆ ಕಡೆ ಕೆಲಸಕ್ಕಿದ್ದೆ. ಕಾಟಿಪಳ್ಳದ ಮನೆಗೆ ಹೋದಾಗ ದೊಡ್ಡಮ್ಮ ಎಡಗೈಯಲ್ಲಿ ಚಹಾದ ಲೋಟ ಕೊಟ್ಟರು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಅವರು ತುಳುವಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿಯೂ ನನ್ನ ಕೈವಾಡ ಇದ್ದೇ ಇರುತ್ತದೆ.

“ಮೇಜು ನಾಲ್ಕು ಬೆರಳು ಎತ್ತರ ಮಾಡಿದ್ದಾರೆ. ಪೆಡಲಿನ ಅಡಿಗೆ, ನಾವು ನಿಲ್ಲುವಲ್ಲಿವರೆಗೂ ಕಬ್ಬಿಣದ ತಗಡು. ಹಲಗೆ ಇಟ್ರೆ ಜಾರ್ತದೆ. ಒಬ್ಬಳು ಬಿದ್ಳು. ಬಿದ್ದದ್ದೇ ತಡ, ಹಲಗೆ ಎಲ್ಲ ಒಟ್ಟು ಮಾಡಿ ಬಾಯ್ಲರಿಗೆ ಹಾಕಿದ್ರು.”

“ನಿಮ್ಮದನ್ನೂ?”

“ನನ್ನದು ಮಾತ್ರ ಫ್ರೇಮು ಹಾಕಿ ಇಡ್ತಾರಾ?”

ಎತ್ತಿದ ಭುಜದಲ್ಲೇ ದಿನವಿಡೀ ಹಿಡಿ ಎಳೆದು ಅವರ ಕೆಲಸ ಅರ್ಧಕ್ಕೆ ಇಳಿದಿತ್ತು. ತಿಂಗಳ ಕೊನೆಯೊಳಗೆ ಮೊದಲಿನಷ್ಟು ಒಡೆಯದಿದ್ದರೆ ಅಂಗಳ ಗುಡಿಸಲು ಹೋಗಬೇಕು ಎಂದು ಮ್ಯಾನೇಜರ್ ಹೇಳಿಯಾಗಿತ್ತು. ದೊಡ್ಡಮ್ಮ ಅದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ.

ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರ ಮೊದಲ ಪ್ರಶ್ನೆ, ಮುಟ್ಟು ನಿಂತು ಎಷ್ಟು ಸಮಯ ಆಯಿತು. ಎರಡನೆಯದು, ಮನೆಯಲ್ಲಿ ಏನಾದರೂ ಟೆನ್ಶನ್ ಉಂಟಾ. “ಈ ಪ್ರಾಯದ ಹೆಂಗಸರಿಗೆ ಇದೆಲ್ಲ ಇದ್ದದ್ದೇ” ಎಂದು ಕ್ಯಾಲ್ಸಿಯಂ ಮಾತ್ರೆ ಬರೆದರು. ಕೈಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಲಿಲ್ಲ. ಮೇಜಿನ ಮೇಲೆ ಇಟ್ಟಿದ್ದ ಆ ಕಪ್ಪು ಬೆರಳುಗಳು ಅವರಿಗೆ ಕಾಣಲೂ ಇಲ್ಲ. ಹೊರಗೆ ಬಂದ ಮೇಲೆ ದೊಡ್ಡಮ್ಮ ಅಂದರು, “ನನ್ನ ಮುಟ್ಟು ನಿಂತದ್ದಕ್ಕೆ ಮೇಜು ಎತ್ತರ ಆದದ್ದಾ, ಕೇಳ್ಬೇಕಿತ್ತು ನೀನು.” ನಾನು ಕೇಳಿರಲಿಲ್ಲ.

ಕದ್ರಿಯಲ್ಲಿ ಸರ್ ಸ್ವಂತ ಆಫೀಸು ತೆರೆದಿದ್ದರು. ಗೋಡೆಯಲ್ಲಿ ಆ ಮೇಜಿನ ದೊಡ್ಡ ಫೋಟೋ. ಪಕ್ಕದಲ್ಲಿ ನಿಂತು ಕಟ್ಟಿಂಗ್ ಮಾಡುತ್ತಿರುವಂತೆ ತೋರಿಸುತ್ತಿದ್ದವನು ಹಾಸ್ಟೆಲಿನ ಹುಡುಗನೊಬ್ಬ, ಬಿಳಿ ಕೋಟು ಹಾಕಿಕೊಂಡು. ನಾನು ವಿಷಯ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಆ ಸಮಾಧಾನವೇ ನನಗೆ ಹೊಡೆಯಬೇಕೆನಿಸುವಷ್ಟು ಸಿಟ್ಟು ತರಿಸಿತು.

“ನೋಡಿ, ಹೆಂಗಸರ ಅಳತೆ ಒಂದಕ್ಕೊಂದು ಸೇರುದೇ ಇಲ್ಲ. ಒಬ್ಬರು ಇಷ್ಟುದ್ದ, ಒಬ್ಬರು ಇಷ್ಟೇ. ಹುಡುಗರದ್ದು ಕ್ಲೀನ್ ಇತ್ತು. ಎತ್ತರಕ್ಕೆ ಅದನ್ನೇ ತೆಗೊಂಡೆವು.”

“ಮತ್ತೆ ನಾನು ಅಳೆದದ್ದು ಎಂತಕ್ಕೆ ಸರ್?”

“ಅಳೆದಿದ್ದೇವೆ ಅಂತ ತೋರಿಸ್ಬೇಕಲ್ಲ.”

ಇದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು ಎಂದು ನನ್ನ ನೆನಪು. ಅಷ್ಟು ನೇರವಾಗಿ ಯಾರಾದರೂ ಹೇಳುತ್ತಾರೆಯೇ ಎಂದು ಈಗ ಅನುಮಾನವಾಗುತ್ತದೆ. ಬಹುಶಃ ಇನ್ನಷ್ಟು ನಯವಾದ ಇಂಗ್ಲಿಷ್ ಪದ ಬಳಸಿರಬಹುದು. ಆದರೆ ಆಮೇಲೆ ನಡೆದದ್ದರಲ್ಲಿ ನನಗೆ ಅನುಮಾನವಿಲ್ಲ. ಅವರು ಫೈಲು ತೆಗೆದು ಒಂದು ಹಾಳೆ ನನ್ನ ಕಡೆ ತಿರುಗಿಸಿದರು. ಪಾದಗಳು ನೆಲದ ಮೇಲೆ ಸಮವಾಗಿ. ಹೌದು ಎಂಬಲ್ಲಿ ಗುರುತು. ಕೆಳಗೆ ನನ್ನ ಸಹಿ.

“ಹಲಗೆ ಇತ್ತು ಅಂತ ಇಲ್ಲಿ ಎಲ್ಲಿಯೂ ಇಲ್ವಲ್ಲ. ನೀವೇ ಅಲ್ವಾ ಅಲ್ಲಿದ್ದದ್ದು?”

ಹಲಗೆ ಇಡಲು ಬಿಡಬೇಕು ಎಂದು ಕಾರ್ಖಾನೆಗೆ ಎರಡು ಸಾಲು ಬರೆದುಕೊಡಿ ಎಂದು ಕೇಳಿದೆ. ಹಲಗೆ ಬೇಕು ಎಂದರೆ ಡಿಸೈನ್ ತಪ್ಪು ಎಂದಾಗುತ್ತದೆ, ಆಗುವುದಿಲ್ಲ ಎಂದರು. ಹೊರಡುವಾಗ “ನಿಮಗೆ ಥ್ಯಾಂಕ್ಸ್ ಹಾಕಿದ್ದೇವೆ ರಿಪೋರ್ಟಿನಲ್ಲಿ, ನೋಡಿದ್ರಾ?” ಎಂದು ಕೇಳಿದರು. ಕೊನೆಯ ಪುಟದಲ್ಲಿ, ವ್ಯಾನಿನ ಡ್ರೈವರರ ಹೆಸರಿನ ಮೇಲೆ ನನ್ನ ಹೆಸರಿತ್ತು.

ಮನೆಗೆ ಬಂದು ಪತ್ರವನ್ನು ನಾನೇ ಬರೆದೆ. ಮೇಜಿನ ಎತ್ತರಕ್ಕೆ ಹೆಂಗಸರ ಅಳತೆ ಬಳಸಿಲ್ಲ. ಅಳೆಯುವಾಗ ಅವರ ಹಲಗೆಗಳನ್ನು ತೆಗೆಸಿದವಳು ನಾನು. ಅದನ್ನು ದಾಖಲಿಸದೇ ಬಿಟ್ಟದ್ದು ನನ್ನ ತಪ್ಪು. ತಗಡಿನ ಮೇಲೆ ಜಾರದ ಹಾಗೆ ರಬ್ಬರ್ ಹೊಡೆದ ಹಲಗೆಯನ್ನು ಎಲ್ಲರಿಗೂ ಕೊಡಬೇಕು. ಒಂದು ಪ್ರತಿ ಕಾರ್ಖಾನೆಗೆ, ಇನ್ನೊಂದು ಯೋಜನೆಗೆ ದುಡ್ಡು ಕೊಟ್ಟವರಿಗೆ ಎಂದು ಕೆಳಗೆ ನಮೂದಿಸಿದೆ.

ಮ್ಯಾನೇಜರ್ ಅದನ್ನು ಎರಡು ಸಲ ಓದಿದರು.

“ಇದು ನಿಮ್ಮ ಸರ್ ಕೊಡ್ಬೇಕಾದ ಲೆಟರ್ ಮೇಡಂ. ನೀವು ಟೇಪು ಹಿಡಿದವರಲ್ವಾ?”

“ಹೌದು. ಅಳೆದದ್ದು ನಾನೇ.”

“ಹಾಗಾದ್ರೆ ಎಲ್ಲರ ವಿಷ್ಯ ನಿಮಗೆ ಯಾಕೆ? ನಿಮ್ಮ ದೊಡ್ಡಮ್ಮ ಅಲ್ವಾ ಆ ಮೂರನೇ ಸಾಲಿನವರು? ಅವರು ಒಂದು ಹಲಗೆ ತರ್ಲಿ, ರಬ್ಬರ್ ಹಾಕಿಸಿ. ಅವರು ಕಟ್ಟಿಂಗಿನಲ್ಲೇ ಇರ್ಲಿ. ಇದನ್ನು ನೀವು ತೆಗೊಂಡು ಹೋಗಿ. ದುಡ್ಡು ಕೊಟ್ಟವರಿಗೂ ಬೇಡ.”

ನಾನು ಪತ್ರವನ್ನು ಹಿಂದೆ ತೆಗೆದುಕೊಂಡೆ. ಇಲ್ಲಿಯಾದರೂ ಬೇರೆ ರೀತಿ ಬರೆಯಬಹುದಿತ್ತು. ಆಗುವುದಿಲ್ಲ, ಎಲ್ಲರಿಗೂ ಕೊಡಿ ಎಂದು ಗುಡುಗಿದೆ ಎಂದು. ಆ ದಿನದ ಡೈರಿಯ ಹಾಳೆ ಖಾಲಿಯಾಗಿದೆ, ತಡೆಯುವವರು ಯಾರೂ ಇಲ್ಲ. ಆದರೆ ಪತ್ರ ಇನ್ನೂ ನನ್ನ ಕಪಾಟಿನಲ್ಲೇ ಇದೆ, ಎರಡೂ ಪ್ರತಿ.

ದೊಡ್ಡಮ್ಮನ ಹಳೆಯ ಹಲಗೆ ಕೊಯ್ದುಕೊಟ್ಟಿದ್ದ ಬಡಗಿಯಿಂದಲೇ, ಅದಕ್ಕಿಂತ ನಾಲ್ಕು ಬೆರಳು ಎತ್ತರದ ಹಲಗೆ ಮಾಡಿಸಿ, ಅಡಿಗೆ ರಬ್ಬರ್ ಹೊಡೆಸಿ ಕಾಟಿಪಳ್ಳಕ್ಕೆ ಒಯ್ದೆ. ದೊಡ್ಡಮ್ಮ ಅದನ್ನು ತಿರುಗಿಸಿ ನೋಡಿದರು. “ಉಳಿದವರಿಗೆ?” ಎಂದು ಕೇಳಿದರು. ನಾನು ಹಲಗೆ ಸುತ್ತಿ ತಂದಿದ್ದ ಪೇಪರನ್ನು ಮಡಚಿಟ್ಟೆ. ಅವರು ಮತ್ತೆ ಕೇಳಲಿಲ್ಲ. ಮರುದಿನ ಹಲಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಕೆಲಸಕ್ಕೆ ಹೋದರು.

ಕೆಲವು ವಾರ ಬಿಟ್ಟು ಹೋದಾಗ ಅವರ ಕೈ ಸ್ವಲ್ಪ ಮೇಲೆ ಏಳುತ್ತಿತ್ತು. ಚಹಾ ಕೊಡಲಿಲ್ಲ.

“ಈಗ ನನ್ನ ಹೆಸರು ಗೊತ್ತುಂಟಾ? ಕಾಲೇಜಮ್ಮ. ‘ಕಾಲೇಜಮ್ಮ ಬಂದ್ರು, ದಾರಿ ಬಿಡಿ.’ ಊಟಕ್ಕೆ ಎಲ್ಲರೂ ಆ ಕಡೆ ಕೂರ್ತಾರೆ. ನಾನೊಬ್ಬಳೇ ಈ ಕಡೆ. ಮೊದಲ ಸಾಲಿನವಳನ್ನು ಅಂಗಳಕ್ಕೆ ಹಾಕಿದ್ರು. ನಿನ್ನ ಹತ್ರ ರವಿಕೆ ಅಂತ ತಮಾಷೆ ಮಾಡಿದವಳು.”

ನನಗೆ ತಡೆಯಲಾಗಲಿಲ್ಲ. ಪತ್ರ ಇದೆ, ನಾಳೆಯೇ ಕೊಡುತ್ತೇನೆ, ದುಡ್ಡು ಕೊಟ್ಟವರಿಗೂ ಕಳುಹಿಸುತ್ತೇನೆ ಎಂದೆ. ದೊಡ್ಡಮ್ಮ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

“ಬೇಡ! ಅವತ್ತು ಬರಿ ಅಂದೆ, ನೀನು ಬರಿಲಿಲ್ಲ. ಈಗ ನಿನಗೆ ಸತ್ಯ ಬೇಕಾಯ್ತಾ? ನನಗೆ ಕಟ್ಟಿಂಗ್ ಬೇಕು. ನೀನು ಆ ಕಾಗದ ಕೊಟ್ಟ ದಿನ ನನ್ನ ಹಲಗೆಯೂ ಬಾಯ್ಲರಿಗೆ. ಆಮೇಲೆ ನನ್ನ ಕೈಗೆ ಪೊರಕೆ.”

“ಉಳಿದವರು, ದೊಡ್ಡಮ್ಮ?”

“ಉಳಿದವರ ಮುಖ ದಿನಾ ನೋಡುವವಳು ನಾನು. ನೀನು ಅಲ್ಲ.”

ಹೊರಡುವಾಗ ಚೀಲದಲ್ಲಿದ್ದ ಟೇಪು ತೆಗೆದು, ಹಲಗೆಯ ಎತ್ತರ ಎಷ್ಟು ಸಾಕಾಯಿತು ಎಂದು ಒಮ್ಮೆ ಅಳೆದುಕೊಳ್ಳಲೇ ಎಂದು ಕೇಳಿದೆ. ಯಾಕೆ ಕೇಳಿದೆನೋ. ಅವರು ಬಾಗಿಲಿಗೆ ಅಡ್ಡ ನಿಂತು, “ಸಾಕು ನಿನ್ನ ಅಳತೆ” ಎಂದರು.

ಕಾರ್ಖಾನೆಯ ಹೆಸರು, ಸರ್ ಹೆಸರು, ದೊಡ್ಡಮ್ಮನ ಹೆಸರು ಇಲ್ಲಿ ಯಾವುದೂ ಇಲ್ಲ. ಇದು ಸಭ್ಯತೆಯಿಂದಲ್ಲ. ಸರ್ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಲು ನನ್ನ ಕೈ ತುರಿಸುತ್ತದೆ. ದೊಡ್ಡಮ್ಮ ಇವತ್ತಿಗೂ ಮೂರನೇ ಸಾಲಿನಲ್ಲಿ ನಿಂತು ಬೀಜ ಒಡೆಯುತ್ತಿದ್ದಾರೆ, ಅದಕ್ಕೇ ಬರೆದಿಲ್ಲ. ಅವರ ಹಲಗೆ ಎಷ್ಟು ಎತ್ತರ ಎಂಬುದು ಬಡಗಿಗೆ ಗೊತ್ತು, ಅವರ ಕಾಲಿಗೆ ಗೊತ್ತು. ನನ್ನ ಯಾವ ಹಾಳೆಯಲ್ಲೂ ಇಲ್ಲ.