ಕೊಪ್ಪರಿಗೆ ಎತ್ತುವ ಮಾತು

ಒಂದು ಚಳಿಗಾಲದ ಬೆಳಿಗ್ಗೆ ಗೋಕಾಕದ ನನ್ನ ಮನೆಯ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಬಾಗಿಲು ತೆರೆದೇ ಇತ್ತು. ಅವನು ಒಳಗೆ ಬರಲಿಲ್ಲ, ಯಾರನ್ನೂ ಕರೆಯಲೂ ಇಲ್ಲ. ನಾನು ಮುಖ ತೊಳೆದು, ಚಹಾ ಕುಡಿದು ಬರುವವರೆಗೂ ಹಾಗೇ ನಿಂತಿದ್ದ.

"ಯಾರ ಬೇಕಾಗಿತ್ರಿ?" ಎಂದು ಕೇಳಿದ ಮೇಲೆ ಕೈಚೀಲದಿಂದ ಎರಡು ಕಾಗದ ತೆಗೆದ. ಒಂದು ಜೈಲಿನಿಂದ ಬಿಟ್ಟ ಚೀಟಿ. ಇನ್ನೊಂದು ಹಳದಿಗಟ್ಟಿದ ಪತ್ರಿಕೆಯ ತುಂಡು. ಅದರಲ್ಲಿದ್ದ ಐದು ಸಾಲು, ವರದಿಗಾರನಾದ ನಾನೇ ಹಿಂದೆ ಕಳಿಸಿದ ಸುದ್ದಿ. ಮೂಡಲಗಿ ಹತ್ತಿರದ ಹಳ್ಳಿಯೊಂದರಲ್ಲಿ ಕಾಲುವೆ ನೀರಿನ ಪಾಳಿಗಾಗಿ ಇಬ್ಬರು ಜಗಳಾಡಿದ್ದರು. ಸಲಿಕೆಯ ಏಟಿಗೆ ಒಬ್ಬ ಸತ್ತಿದ್ದ, ಹೊಡೆದವನಿಗೆ ಶಿಕ್ಷೆಯಾಗಿತ್ತು. ಹೊಡೆದವನು ನನ್ನೆದುರು ನಿಂತಿದ್ದ.

"ಒಳಗ ಹೋದದ್ದು ಅಚ್ಚ ಮಾಡೀರಿ," ಅಂದ. "ಹೊರಗ ಬಂದದ್ದೂ ಹಾಕ್ರಿ, ಸಾಹೇಬ್ರ. ಓಡಿ ಬಂದಾನ ಅಂತಾರ ಮಂದಿ."

ಶಿಕ್ಷೆ ಮುಗಿಸಿ ಬಂದದ್ದು ಪತ್ರಿಕೆಗೆ ಸುದ್ದಿಯಲ್ಲ ಎಂದು ಹೇಳಬೇಕಾಯಿತು. "ಹೌದೇನ್ರಿ," ಎಂದು ಕಾಗದಗಳನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಇಟ್ಟುಕೊಂಡ. ಮುಂಬಯಿ ರಾಜ್ಯದಲ್ಲಿ ಒಳಗೆ ಹೋಗಿದ್ದವನು ಮೈಸೂರು ರಾಜ್ಯಕ್ಕೆ ಹೊರಗೆ ಬಂದಿದ್ದ. ನಡುವೆ ಸೇರು ಹೋಗಿ ಕಿಲೋ ಬಂದಿತ್ತು. ತಲೆಗೂದಲು ಪೂರ್ತಿ ಬಿಳಿಯಾಗಿತ್ತು, ಮೈಯಲ್ಲಿ ಮಾಂಸ ಉಳಿದಿರಲಿಲ್ಲ.

ಮೊದಲು ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದೆ.

"ಗಾಣದಾಗ ಪಾಕ ನೋಡ್ತಿದ್ದೆ ರಿ."

ನಮ್ಮ ಸೀಮೆಯ ಬೆಲ್ಲದ ಗಾಣ ಕಂಡವರಿಗೆ ಆ ಮಾತಿನ ತೂಕ ಗೊತ್ತು. ಕಬ್ಬಿನ ಹಾಲು ಆಳುದ್ದ ಅಗಲದ ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಅದು ಬೆಲ್ಲದ ಹದಕ್ಕೆ ಬಂದ ಗಳಿಗೆಯನ್ನು ಒಬ್ಬನೇ ಹೇಳಬೇಕು. ತಣ್ಣೀರಿನಲ್ಲಿ ಕೈ ಅದ್ದಿ, ಅದೇ ಕೈಯನ್ನು ಕುದಿಯುವ ಪಾಕಕ್ಕೆ ಹಾಕಿ, ಚೂರು ತೆಗೆದು, ಮತ್ತೆ ನೀರಿನಲ್ಲಿ ಉಂಡೆ ಮಾಡಿ ಕೊಪ್ಪರಿಗೆಯ ಅಂಚಿಗೆ ಹೊಡೆಯುತ್ತಾನೆ. ಉಂಡೆ ಟಣ್ಣೆಂದರೆ "ಎತ್ರಿ" ಎಂದು ಕೂಗುತ್ತಾನೆ. ಎಂಟು ಜನ ಎರಡು ಬೊಂಬುಗಳಿಗೆ ಹೆಗಲು ಕೊಟ್ಟು ಕೊಪ್ಪರಿಗೆ ಎತ್ತಿ ತೊಟ್ಟಿಗೆ ಸುರಿಯುತ್ತಾರೆ. ಆ ಮಾತನ್ನು ಗಾಣದ ಮಾಲಕನೂ ಆಡುವಂತಿಲ್ಲ. ಹಿಂದಿನಿಂದ ನಡೆದು ಬಂದ ಕಟ್ಟು ಅದು. ಇಬ್ಬರು ಮಾತಾಡಿದರೆ ಎಂಟು ಹೆಗಲು ಒಟ್ಟಿಗೆ ಏಳುವುದಿಲ್ಲ.

ಅವನು ತನ್ನ ಊರಿಗೆ ಹೋಗುವಂತಿರಲಿಲ್ಲ. ಹುಕ್ಕೇರಿ ಕಡೆ ತಂಗಿಯ ಮನೆಯಲ್ಲಿದ್ದ. ಅಲ್ಲಿಯ ಎರಡು ಗಾಣಗಳಲ್ಲಿ ಕೇಳಿ ಬೈಸಿಕೊಂಡು ಬಂದಿದ್ದ. "ತಂಗಿ ಗಂಡ ಈ ಹಂಗಾಮು ಮುಗಿಯೂ ತನಕಾ ಅಂದಾನ," ಎಂದಷ್ಟೇ ಹೇಳಿದ. ಹಂಗಾಮಿನೊಳಗೆ ಗಾಣ ಸಿಗದಿದ್ದರೆ ಅವನಿಗೆ ಹೋಗಲು ಜಾಗವಿರಲಿಲ್ಲ.

ಕೊಣ್ಣೂರಲ್ಲಿ ನನಗೆ ಪರಿಚಯದ ಒಬ್ಬ ಮಾಲಕರಿದ್ದರು. ಅವರ ಪಾಕ ನೋಡುವವನು ಜ್ವರ ಹಿಡಿದು ಮಲಗಿದ್ದಾನೆಂಬ ಸುದ್ದಿ ಪೇಟೆಯಲ್ಲಿ ಕೇಳಿದ್ದೆ. ಮರುದಿನ ಇವನನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ನಿಂತೇ ಇದ್ದ. ಕಂಡಕ್ಟರ್, "ಏ ಅಜ್ಜಾ, ಕುಂದರ್ತಿಯೋ ಇಲ್ಲ ನಿನಗ ಆರತಿ ಮಾಡ್ಲೋ?" ಎಂದ ಮೇಲೆ ಕುಳಿತ.

ಮಾಲಕರಿಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಅವರು ಎಲ್ಲವನ್ನೂ ಕೇಳಿ, "ಕೈ ಐತೇನು ಇನ್ನೂ?" ಎಂದು ಅವನನ್ನೇ ಕೇಳಿದರು. ಅವನು ಬಲಗೈ ಚಾಚಿ ತೋರಿಸಿದ. ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು. "ಇವತ್ತಿಂದನ ನೋಡು," ಅಂದರು.

ವರದಿಗಾರ ಮೊದಲು ಕೇಳಬೇಕಾದದ್ದು, ಅಲ್ಲಿ ಇನ್ನು ಯಾರ್‍ಯಾರು ಇದ್ದಾರೆ ಎಂದು. ಅದನ್ನು ನಾನು ಕೇಳಲಿಲ್ಲ. ಕೊಪ್ಪರಿಗೆ ಎತ್ತುವ ಎಂಟು ಜನ ಮೂಡಲಗಿ ಕಡೆಯಿಂದ ಬಂದವರಾಗಿದ್ದರು.

ಗಾಣಕ್ಕೆ ಎತ್ತುಗಳಿರಲಿಲ್ಲ, ಎಣ್ಣೆಯ ಇಂಜಿನ್ನು ಬಂದಿತ್ತು. ಅದರ ಸದ್ದಿಗೆ ಅವನು ಒಂದು ಗಳಿಗೆ ಬೆಚ್ಚಿದ. ಆಮೇಲೆ ಕೊಪ್ಪರಿಗೆಯ ಮುಂದೆ ನಿಂತಾಗ ಬೇರೆಯೇ ಮನುಷ್ಯನಾದ. ಬೆಂಡೆಗಿಡದ ಲೋಳೆ ಹಾಕಿಸಿ ಕೊಳೆ ತೆಗೆದ. ಒಲೆಗೆ ರವದಿ, ಅಂದರೆ ಒಣಗಿದ ಕಬ್ಬಿನ ಸೋಗೆ, ಹಾಕುವವನಿಗೆ ಬೆರಳಲ್ಲೇ ಹೆಚ್ಚು ಕಡಿಮೆ ತೋರಿಸಿದ. ನೊರೆ ಕೆಂಪಾಗಿ, ಗುಳ್ಳೆ ದೊಡ್ಡವಾಗಿ, ಮೆಲ್ಲಗೆ ಒಡೆಯತೊಡಗಿದವು. ಕೈ ಅದ್ದಿದ, ಪಾಕ ತೆಗೆದ, ಉಂಡೆ ಹೊಡೆದ. ಟಣ್ಣೆಂದಿತು. ಎಂಟೂ ಜನ ಬೊಂಬಿಗೆ ಬಗ್ಗಿದರು.

ಅವನು ಮಾಲಕರ ಕಡೆ ತಿರುಗಿ, "ಎತ್ತಸ್ಲೇನ್ರಿ?" ಎಂದು ಮೆಲ್ಲಗೆ ಕೇಳಿದ.

ಇಂಜಿನ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಅವನು ಕೈ ಕಟ್ಟಿಕೊಂಡು ಉತ್ತರಕ್ಕೆ ಕಾದ. ಅಪ್ಪಣೆ ಇಲ್ಲದೆ ಏನನ್ನೂ ಮಾಡದ ಅಷ್ಟು ವರ್ಷಗಳು ಅವನ ಬಾಯಿ ಹಿಡಿದಿದ್ದವು. ಮಾಲಕರು ಓಡಿ ಬಂದು, "ನನ್ನೇನ ಕೇಳ್ತಿ? ನಿನ್ನ ಮಾತಲಾ ಅದು!" ಎನ್ನುವಷ್ಟರಲ್ಲಿ ಸೀದ ವಾಸನೆ ಎದ್ದಿತ್ತು. ಕೊಪ್ಪರಿಗೆ ಇಳಿಸಿದಾಗ ಬೆಲ್ಲ ಕಪ್ಪಾಗಿತ್ತು.

"ನಾಳೆ ಒಂದ ಕೊಪ್ಪರಗಿ ಕೊಡ್ತೇನಿ," ಎಂದರು ಮಾಲಕರು. "ಅದೂ ಹೋತಂದ್ರ ನೀನೂ ಹೋಗು. ಸಿಟ್ಟಿನ ಮಾತಲ್ಲಪಾ ಇದು. ಮಂದಿ ಕಬ್ಬ ತಂದ ಹಾಕ್ಯಾರ."

ಊಟಕ್ಕೆ ಕುಳಿತಾಗ ಬೊಂಬಿನವರು ಅವನನ್ನು ಹಿಡಿದುಕೊಂಡರು.

"ಏನ ಕಾಕಾ, ಬೆಲ್ಲ ಮಾಡಿದ್ಯೋ, ಡಾಂಬರ ಮಾಡಿದ್ಯೋ?"

"ಬಿಡೋ, ಗೋಕಾಕ ರೋಡಿಗೆ ಬೇಕಾಗಿತ್ತು, ಹಾಕೂಣು."

"ಖರೆ ಹೇಳ ಕಾಕಾ, ನಿನ್ನ ಹೆಸರೇನು, ಊರ ಯಾವುದು?"

ಚೇಷ್ಟೆಯ ಪ್ರಶ್ನೆ ಅದು. ಅವನು ರೊಟ್ಟಿ ಕೆಳಗಿಟ್ಟು ಎದ್ದು ನಿಂತ. ಎರಡೂ ಕೈ ತೊಡೆಗೆ ಹಚ್ಚಿ, ಎದುರು ನೋಡುತ್ತ, ತನ್ನ ಹೆಸರು, ತಂದೆಯ ಹೆಸರು, ಊರು, ಕೊನೆಗೆ ಅಪರಾಧ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಜೈಲಿನಲ್ಲಿ ಹಾಜರಿ ಹೇಳುವ ಕ್ರಮ ಅದು. ಮುಗಿಸಿದ ಮೇಲೂ ಕುಳಿತುಕೊಳ್ಳಲಿಲ್ಲ.

ಎಂಟು ಜನರಲ್ಲಿ ಒಬ್ಬ ಮಾತ್ರ ಆವರೆಗೆ ನಗುತ್ತಿದ್ದ ಬಾಯಿಯನ್ನು ಹಾಗೇ ತೆರೆದುಕೊಂಡು ನೋಡುತ್ತಿದ್ದ. ಮುಂದಿನ ಬೊಂಬು ಹೊರುವ, ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಆಗ ನನಗೂ ಆ ಮುಖ ಹೊಳೆಯಿತು. ಆ ಖಟ್ಲೆ ನಡೆದಾಗ ಗೋಕಾಕದ ಕೋರ್ಟಿನ ಕಟ್ಟೆಯ ಮೇಲೆ ದಿನವೂ ಬಂದು ಕೂರುತ್ತಿದ್ದವನು, ಸತ್ತವನ ತಮ್ಮ.

"ಇಂವಾ ನಮ್ಮಣ್ಣನ್ನ ಹೊಡದಂವಾ," ಅಂದ.

ಮಾಲಕರು ಬಂದು ವಿಷಯ ತಿಳಿದು ನನ್ನ ಕಡೆ ನೋಡಿದರು. ಆಮೇಲೆ ಸತ್ತವನ ತಮ್ಮನಿಗೆ, "ನಿನಗ ಆಗೂದಿಲ್ಲಂದ್ರ ಹೇಳು, ಬೊಂಬಿಗೆ ಬ್ಯಾರೆಯವನ್ನ ನೋಡ್ತೇನಿ," ಎಂದರು.

"ನಾ ಯಾಕ ಹೋಗ್ಲಿ ರಿ? ನಾ ಏನ ಮಾಡೇನಿ?" ಎಂದು ಅವನು ಕೈ ತೊಳೆಯಲು ಎದ್ದ. ಪಾಕ ನೋಡುವವನು ಮಾತ್ರ, ನಾನು ಹತ್ತಿರ ಹೋದಾಗ, "ಇದ್ದಾನಂತ ಗೊತ್ತಿದ್ರ ಬರತಿದ್ದಿಲ್ರಿ," ಅಂದ.

"ಈಗ ಹೋಗ್ತಿಯೇನು?"

"ಎಲ್ಲಿಗ್ರಿ?"

ಮರುದಿನ ಮತ್ತೆ ಹೋದೆ. ಅಲ್ಲಿ ಅಪಾಯ ಎಲ್ಲಿದೆ ಎಂಬುದನ್ನು ಹೇಳಬೇಕು. ಕೊಪ್ಪರಿಗೆ ಸುರಿಯುವಾಗ ಪಾಕ ನೋಡುವವನು ತೊಟ್ಟಿಯ ಬದಿಯಲ್ಲಿ, ಮುಂದಿನ ಬೊಂಬಿನ ಕೆಳಗೇ ಪಾಕ ಎಳೆದು ಹರಡುವ ಮರದ ಹಲಗೆ ಹಿಡಿದು ಬಗ್ಗಿರುತ್ತಾನೆ. ಮುಂದಿನ ಹೆಗಲು ಒಂದು ಗೇಣು ತಗ್ಗಿದರೆ ಕುದಿಯುವ ಪಾಕ ಮೊದಲು ಬೀಳುವುದು ಅವನ ಬೆನ್ನ ಮೇಲೆ. ಬೇಕೆಂದೇ ತಗ್ಗಿಸಿ, ಹೆಗಲು ಜಾರಿತು ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಅದರ ಐದು ಸಾಲನ್ನೂ ನಾನೇ ಬರೆಯಬೇಕಾಗುತ್ತಿತ್ತು. ಜಾಗ ಬದಲಿಸಿ ಎಂದು ಮಾಲಕರು ಇಬ್ಬರಿಗೂ ಹೇಳಿ ನೋಡಿದರು. ಇಬ್ಬರೂ ಬೇಡವೆಂದರು. ತಮ್ಮನ ಉತ್ತರ ಚಿಕ್ಕದು: "ನನ್ನ ಜಾಗ ಇದು."

ಪಾಕ ಕೆಂಪಾಯಿತು. ಪಾಕ ನೋಡುವವನು ಕೈ ಅದ್ದಿದ. ಉಂಡೆ ಟಣ್ಣೆಂದಿತು. ತಲೆ ಮಾಲಕರ ಕಡೆ ಅರ್ಧ ತಿರುಗಿದ್ದನ್ನು ನಾನು ಕಂಡೆ. ಮಾಲಕರು ಬೆನ್ನು ತಿರುಗಿಸಿ ನಿಂತುಬಿಟ್ಟರು. ಆಗ ಅವನು ಮುಂದಿನ ಬೊಂಬಿನವನ ಮುಖವನ್ನೇ ನೋಡಿ, ಕುತ್ತಿಗೆಯ ನರ ಉಬ್ಬುವಂತೆ ಕೂಗಿದ.

"ಎತ್ರಿ!"

ಕೂಗು ಇಂಜಿನ್ನಿನ ಸದ್ದನ್ನು ಮೀರಿ ಕಬ್ಬಿನ ಗಾಡಿಗಳವರೆಗೂ ಹೋಯಿತು. ಎಂಟರಲ್ಲಿ ಮೊದಲು ಎದ್ದದ್ದು ಮುಂದಿನ ಹೆಗಲು, ಸತ್ತವನ ತಮ್ಮನದು. ಉಳಿದವರು ಹೊಂದಿಕೊಂಡರು. ಕೊಪ್ಪರಿಗೆ ಒಲೆ ಬಿಟ್ಟು ತೊಟ್ಟಿಯ ಮೇಲೆ ಬಂತು. ಬಗ್ಗಿದ ಬಿಳಿ ತಲೆಯ ಮೇಲೆ ಒಂದು ಮೊಳದ ಎತ್ತರದಲ್ಲಿ ಬೊಂಬು ಅಲುಗದೆ ನಿಂತಿತ್ತು. ತಮ್ಮನ ತೊಡೆಗಳು ನಡುಗುತ್ತಿದ್ದವು, ಹೆಗಲು ನಡುಗಲಿಲ್ಲ. ಜೇನಿನ ಬಣ್ಣದ ಪಾಕ ದಪ್ಪ ಧಾರೆಯಾಗಿ ಇಳಿದು ಮುಗಿಯಿತು. ಗಾಣಕ್ಕೆ ಬಂದವರಿಗೆಲ್ಲ ಬಿಸಿ ಬೆಲ್ಲ ಕೊಡುವುದು ವಾಡಿಕೆ. ನನ್ನ ಅಂಗೈಗೆ ಯಾರೋ ಇಟ್ಟದ್ದು ಅಲ್ಲೇ ಗಟ್ಟಿಯಾಯಿತು.

ಆಮೇಲೆ ಆ ತಮ್ಮನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಕೇಳದೆ ಇರಲಾಗಲಿಲ್ಲ. "ಏನಪಾ, ಅವನ ಮಾತಿಗೆ ಹೆಗಲ ಕೊಟ್ಟೆಲಾ?"

ಅವನು ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದ. "ಹದಾ ಬಂದಿತ್ತಲ್ರಿ," ಅಂದ.

ಆ ಹಂಗಾಮಿನಲ್ಲಿ ಇನ್ನೂ ಮೂರು ನಾಲ್ಕು ಸಲ ಕೊಣ್ಣೂರಿಗೆ ಹೋದೆ. ಪಾಕ ನೋಡುವವನು ಕೊಟ್ಟ ನೀರನ್ನು ಆ ತಮ್ಮ ಕುಡಿಯುತ್ತಿರಲಿಲ್ಲ, ಊಟಕ್ಕೆ ದೂರ ಕುಳಿತುಕೊಳ್ಳುತ್ತಿದ್ದ. ಇವನೂ ಕ್ಷಮೆ ಕೇಳುವ ಧೈರ್ಯ ಮಾಡಲಿಲ್ಲ. ದಿನಕ್ಕೆ ನಾಲ್ಕು ಕೊಪ್ಪರಿಗೆ ಇಳಿಯುತ್ತಿದ್ದವು. ದಿನಕ್ಕೆ ನಾಲ್ಕು ಸಲ ಒಬ್ಬನು "ಎತ್ರಿ" ಅನ್ನುತ್ತಿದ್ದ, ಇನ್ನೊಬ್ಬನು ಎತ್ತುತ್ತಿದ್ದ.